ಪುಲ್ಲರ್ ಕೇಳದ ಮಗನಿಗೆ

ಶೆಡ್ಡಿನಿಂದ,
ಹದಿನಾಲ್ಕನೇ ತಾರೀಖು, ಬುಧವಾರ

ಮಗರಾಯನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ? ನೋವು ಸ್ವಲ್ಪ ಇಳಿದಿದೆಯಂತೆ, ಸೊಸೆ ಹೇಳಿದಳು. ಊಟ ಸೇರುತ್ತಿಲ್ಲವಂತೆ, ಅದನ್ನೂ ಹೇಳಿದಳು. ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿರುವವನಿಗೆ ಕಾಗದ ಬರೆಯುವ ಅಪ್ಪ ಎಂಥ ಪೆದ್ದ ಅಂದುಕೊಳ್ಳಬೇಡ. ಓದಿ ಹೇಳುವುದಕ್ಕೆ ಅವಳಿದ್ದಾಳೆ. ನಾನು ಬಂದು ಮಂಚದ ಪಕ್ಕ ಕೂತರೆ ನೀನು ಗೋಡೆಯ ಕಡೆ ಹೊರಳುತ್ತೀಯ. ಕಾಗದವಾದರೆ ಬೆನ್ನು ತಿರುಗಿಸಿದರೂ ಕೇಳಿಸುತ್ತದೆ. ಇಲ್ಲಿ ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಅಮ್ಮ ಮಾತು ಬಿಟ್ಟು ಐದು ದಿನವಾಯಿತು, ತಟ್ಟೆ ಕುಕ್ಕಿ ಹೋಗುತ್ತಾಳೆ. ಇರಲಿ, ಅವಳು ಕುಕ್ಕಿದರೂ ಅನ್ನ ಅನ್ನವೇ.

ಮೊದಲು ಕೆಲಸದ ಸುದ್ದಿ. ಪೋಸ್ಟ್‌ಮಾಸ್ತರರ ಹಳೇ ಬೈಕಿನ ಮ್ಯಾಗ್ನೆಟ್ ಬಿಚ್ಚಿದೆ. ಹೌದಪ್ಪಾ, ಮೂರು ದಿನ ನಿನ್ನನ್ನು ಆಟ ಆಡಿಸಿದ ಅದೇ ಮ್ಯಾಗ್ನೆಟ್. ಕಂಪನಿ ಪುಸ್ತಕದಲ್ಲಿ ಆಲ್ಟರ್ನೇಟರಿನ ರೋಟರು ಅಂತ ಬರೆದಿರುತ್ತದಲ್ಲ, ಆ ಉಕ್ಕಿನ ಬಟ್ಟಲು ನಲವತ್ತು ವರ್ಷದಿಂದ ಕ್ರ್ಯಾಂಕಿನ ತುದಿಯನ್ನು ಕಚ್ಚಿಕೊಂಡು ಕೂತಿತ್ತು. ನನಗೆ ಹತ್ತು ನಿಮಿಷ ಹಿಡಿಯಿತು. ಎಳೆದು ಬಿಡಿಸುವ ಪುಲ್ಲರನ್ನು ಬಟ್ಟಲಿನ ಥ್ರೆಡ್ಡಿಗೆ ಪೂರ್ತಿ ಕೂರಿಸಿದೆ, ನಡುವಿನ ಬೋಲ್ಟು ಬಿಗಿದೆ, ಚಹಾ ಕುಡಿದು ಬಂದೆ, ಇನ್ನೊಂದು ಕಾಲು ಸುತ್ತು ಬಿಗಿದು ಬೋಲ್ಟಿನ ತಲೆಗೆ ಸಣ್ಣದೊಂದು ಏಟು ಕೊಟ್ಟೆ. ಟಕ್ ಅಂತು, ಕೈಗೆ ಬಂತು. ಅಂಚಿನಲ್ಲಿ ಚೂರು ಹಾರಿದ ಜಾಗವಿದೆ, ನಿನ್ನ ಸುತ್ತಿಗೆಯ ರುಜು. ಆ ಉಕ್ಕು ಹೊಡೆದರೆ ಬಗ್ಗುವುದಿಲ್ಲ, ಸಿಡಿಯುತ್ತದೆ ಅಂತ ನೂರು ಸಲ ಹೇಳಿದ್ದೆ. ಸಿಡಿದ ಎಳ್ಳುಕಾಳಿನಷ್ಟು ಚೂರಿಗೆ ಇಡೀ ಶೆಡ್ಡಿನಲ್ಲಿ ನಿನ್ನ ಬಲಗಣ್ಣೇ ಸಿಕ್ಕಿತು. ಡಾಕ್ಟರು ಅದನ್ನು ಆಯಸ್ಕಾಂತದಿಂದ ಎಳೆದು ತೆಗೆದರಂತೆ. ನೋಡು, ಯಾವುದನ್ನು ಎಳೆಯಬೇಕು, ಯಾವುದನ್ನು ಹೊಡೆಯಬೇಕು ಅನ್ನುವುದು ಓದಿದವರಿಗೆ ಗೊತ್ತಿರುತ್ತದೆ.

ಪುಲ್ಲರ್ ಎಲ್ಲಿತ್ತು ಅನ್ನುತ್ತೀಯಾ? ಯಾವತ್ತೂ ಇರುವಲ್ಲೇ, ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಬೀಗದೊಳಗೆ. ನಮ್ಮ ಶೆಡ್ಡಿನ ಕಟ್ಟಳೆ ನಿನಗೆ ಗೊತ್ತಿಲ್ಲದ್ದಲ್ಲ. ಉಳಿದ ಸಾಮಾನೆಲ್ಲ ಗೋಡೆಗೆ ನೇತಾಡುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಪುಲ್ಲರ್ ಬೇಕಾದವನು ಮಾತ್ರ ಬಂದು, "ನನ್ನ ಕೈಲಿ ಆಗ್ತಿಲ್ಲ, ಕೊಡಿ" ಅನ್ನಬೇಕು. ನನ್ನ ಮೇಸ್ತ್ರಿ ನನ್ನ ಬಾಯಲ್ಲೂ ಹೇಳಿಸಿಯೇ ಕೊಟ್ಟಿದ್ದ, ಅದೂ ಗಿರಾಕಿಗಳ ಎದುರಿಗೆ. ನನ್ನ ಮಾನವೇನೂ ಹರಾಜಾಗಲಿಲ್ಲ. ನೀನೋ, ಮೂವತ್ತನಾಲ್ಕು ವರ್ಷದ ದೊಡ್ಡ ಮನುಷ್ಯ! ಸೀಮೆಎಣ್ಣೆ ಹೊಯ್ದೆ, ಬೆಂಕಿಯಿಟ್ಟು ಕಾಯಿಸಿದೆ, ಎರಡು ಸ್ಕ್ರೂಡ್ರೈವರ್ ಬಗ್ಗಿಸಿದೆ, ಬಾಯೊಂದನ್ನು ಬಿಟ್ಟು ಎಲ್ಲವನ್ನೂ ಬಳಸಿದೆ. ಕಣ್ಣು ಕಾಯುವ ಕನ್ನಡಕವನ್ನಾದರೂ ಹಾಕಿಕೊಂಡೆಯಾ? "ಅಪ್ಪ ಹಾಕ್ಕೊಳಲ್ಲ, ನಾನ್ಯಾಕೆ" ಅಂದೆಯಂತೆ ಪಕ್ಕದ ವೆಲ್ಡಿಂಗಿನವನ ಹತ್ತಿರ. ಅಪ್ಪನ ಕಣ್ಣು ಎರಡೂ ನೆಟ್ಟಗಿವೆ ಮಗನೇ. ಕೇಳಿದವರಿಗೆಲ್ಲ ನಾನು ಹೇಳುತ್ತಿರುವುದು ಒಂದೇ ಮಾತು: ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆ. ಪೋಸ್ಟ್‌ಮಾಸ್ತರರು ಹೌದೌದು ಅಂತ ತಲೆಯಾಡಿಸಿದರು. ನಿನ್ನ ಅಮ್ಮನಿಗೂ ಅದನ್ನೇ ಹೇಳಿದೆ, ಅವಳು ಮಾತು ಬಿಟ್ಟಿದ್ದು ಆಮೇಲೆ.

ಶುಕ್ರವಾರ ಪಟ್ಟಿ ಬಿಚ್ಚುತ್ತಾರೆ, ಎಡಗಣ್ಣಿಗೆ ಕಟ್ಟಿದ್ದು ಬಲಗಣ್ಣು ಅಲುಗಾಡದಿರಲಿ ಅಂತಷ್ಟೇ. ಕೂಗಾಡಿ ಸೊಸೆಯ ಮಾನ ತೆಗೆಯಬೇಡ, ಅವಳು ಕುರ್ಚಿಯಲ್ಲಿ ಕೂತೇ ಐದು ರಾತ್ರಿ ಕಳೆದಿದ್ದಾಳೆ. ಔಷಧಿಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಿಕೋ. ಅಮ್ಮ ನಾಳೆ ಒಗೆದ ಬಟ್ಟೆ ತರುತ್ತಾಳೆ. ಕೊಟ್ಟಿದ್ದನ್ನು ತಿನ್ನು. ದೇವರು ನಿನಗೆ ಆಯಸ್ಸು ಕೊಡಲಿ, ಉಳಿದರೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನನ್ನು ಹೆತ್ತ ತಪ್ಪಿಗೆ ಇಷ್ಟು ಬರೆದ,
ಅಪ್ಪ

ಮರೆತಿದ್ದೆ: ಸೊಸೆಯೇ, ಓದುತ್ತಿರುವ ನನ್ನ ತಾಯಿ, ಇದನ್ನು ಬಿಡಬೇಡ, ಅವನಿಗೆ ಕೇಳುವ ಹಾಗೆ ಓದು. ನಿನ್ನೆ ಡಾಕ್ಟರು ವರಾಂಡದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು, ಆ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ. ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ, ನಿನಗೂ ಹೇಳಲಿಲ್ಲ. ಈಗ ಇಬ್ಬರಿಗೂ ಒಟ್ಟಿಗೇ ತಿಳಿಯುತ್ತಿದೆ. ಮಗನೇ, ಅವತ್ತು ನೀನು ಒಳಕೋಣೆಯ ಬಾಗಿಲಿಗೆ ಬಂದು ಪುಲ್ಲರ್ ಕೇಳಿದೆ. ನಾನು ಪೇಪರಿನಿಂದ ತಲೆಯೆತ್ತಲಿಲ್ಲ. ನನಗೆ ಕೇಳಿಸಿತ್ತು. ನೀನು ತೀರಾ ಮೆಲ್ಲಗೆ ಹೇಳಿದ್ದೆ, ಹೊರಗಿದ್ದ ವೆಲ್ಡಿಂಗಿನವನಿಗೂ ಪೋಸ್ಟ್‌ಮಾಸ್ತರರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಲಿ ಅಂತ ಕಾಯುತ್ತಾ ಕೂತೆ. ಅಷ್ಟರಲ್ಲಿ ಸುತ್ತಿಗೆಯ ಸದ್ದು ಬಂತು.