ದಾರ ಹಾಕದ ಮಿಷನ್ನು

ಅಮ್ಮಾ,

ಫೋನಲ್ಲಿ ಹೇಳೋಣ ಅಂದರೆ ನಿನ್ನ ಮೊಮ್ಮಗಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಇರ್ತಾಳೆ, ಅದಕ್ಕೇ ಈ ಕಾಗದ.

ನಿನ್ನೆ ನೀನು ಫೋನ್ ಮಾಡಿದಾಗ "ಅಮ್ಮ ಬಟ್ಟೆ ಹೊಲೀತಿದಾಳೆ, ಸದ್ದು ಕೇಳಿಸ್ತಾ ಅಜ್ಜಿ?" ಅಂದಳಲ್ಲ, ಅದು ಶುದ್ಧ ಸುಳ್ಳು. ನಾನು ನಲ್ಲಿ ಬಿಟ್ಟುಕೊಂಡು ಬಚ್ಚಲಲ್ಲಿದ್ದೆ. ಮಿಷನ್ನಿನ ಸದ್ದು ಕೇಳಿ ಓಡಿ ಬಂದರೆ, ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಚಕ್ರ ತಿರುಗಿಸ್ತಾ, ಇನ್ನೊಂದು ಕೈಯಲ್ಲಿ ಫೋನನ್ನು ಸೂಜಿಯ ಹತ್ತಿರ ಹಿಡಿದಿದ್ದಳು! ಬೆರಳು ಸಿಕ್ಕಿದ್ದರೆ?

ಹೋದ ವರ್ಷ ಕಣ್ಣಾಮುಚ್ಚಾಲೆ ಆಡುವಾಗ, ತಾನು ಕಣ್ಣು ಮುಚ್ಚಿಕೊಂಡರೆ ಯಾರಿಗೂ ಕಾಣಲ್ಲ ಅಂದುಕೊಂಡಿದ್ದವಳು. ಬಾಯಲ್ಲಿ ಬೆರಳಿಟ್ಟರೆ ಕಚ್ಚೋಕೆ ಬಾರದವಳು. ಈಗ ಸದ್ದು ಕೇಳಿದರೆ ಅಜ್ಜಿ ಏನಂದುಕೊಳ್ತಾಳೆ ಅಂತ ಅವಳಿಗೆ ಗೊತ್ತು!

ಬೈಯೋಣ ಅಂತ ಬಾಯಿ ತೆರೆದೆ. "ನೀನು ಅಳುವಾಗ ಹೀಗೇ ಮಾಡ್ತೀಯಲ್ಲಮ್ಮಾ, ದಾರ ಹಾಕದೇನೆ" ಅಂದಳು.

ನಿನ್ನ ಅಳಿಯ ಮನೆ ಬಿಟ್ಟು ಹೋದ ಮೇಲೆ, ನನ್ನ ಅಳು ಅವಳಿಗೆ ಕೇಳಿಸಬಾರದು ಅಂತಲೇ ನಾನು ಮಿಷನ್ ತುಳೀತಿದ್ದದ್ದು. "ಅಪ್ಪ ಕೆಲಸದ ಮೇಲೆ ಹೋಗಿದಾರೆ" ಅಂದಾಗಲೂ ನನಗೋಸ್ಕರ ನಂಬಿದ ಹಾಗೆ ನಟಿಸಿದಳಾ?

ಭಾನುವಾರ ಬಾ. ಅಮ್ಮ ಹೇಗಿದಾಳೆ ಅಂತ ಅವಳನ್ನ ಕೇಳಬೇಡ, ಚೆನ್ನಾಗಿದಾಳೆ ಅಂತಾಳೆ. ನನ್ನನ್ನೇ ಕೇಳು.

ನಿನ್ನ
ದೊಡ್ಡ ಮಗಳು