ಉಡಿಕಿ ಅಂದರ

ಸವಣೂರು, ಕಾರ್ತಿಕ ವದ್ಯ ತದಿಗೆ, ಮಂಗಳವಾರ, ೧೯೩೬

ಮುಂಜಾನಿಂದ ಒಂದ ಮಾತು ಕಾಡಲಿಕ್ಕೆ ಹತ್ತೇದ. ನಮ್ಮ ರಾಘಣ್ಣ ಧಾರವಾಡದಿಂದ ತಂದ ಕಾದಂಬರಿಯೊಳಗ, ಗಂಡನ್ನ ಕಳಕೊಂಡ ಹುಡುಗಿ ‘ಉಡಿಕಿಯಾದಳು’ ಅಂತ ಅದ. ಅಪ್ಪನ ಶಬ್ದಕೋಶದಾಗ ಹುಡುಕಿದೆ, ಸಿಗಲಿಲ್ಲ. ಸತ್ತಳು ಅಂತ ಇರಬೇಕು ಅಂದ್ಕೊಂಡೆ. ಆದರ ಮುಂದಿನ ಪುಟದಾಗ ಆಕಿ ನಗಲಿಕ್ಕೆ ಹತ್ತಿದ್ದಳು.

ಹಿತ್ತಲ ಗ್ವಾಡಿ ಆಚೆ ಶೇಂಗಾ ಸುಲಿಯುತ್ತಿದ್ದ ಹಾಲವ್ವನ್ನ ಕೇಳಿದೆ. ನಕ್ಕಳು.

“ಅಷ್ಟೂ ಗೊತ್ತಿಲ್ಲೇನ್ರಿ ಯಮುನಾಬಾಯಿ? ಗಂಡ ಸತ್ತಾಕಿಗೆ ಮತ್ತೊಬ್ಬಾಂವ ಸೀರಿ ಉಡಿಸಿ ಮನಿಗೆ ಕರಕೊಂಡು ಹೋಗ್ತಾನ. ನಂದೂ ಉಡಿಕೀನ ಅಲ್ಲೇನ್ರಿ. ನಮ್ಮ ಮನಿಯವರು ನನಗ ಎರಡನೇದವ್ರು.”

ಇಷ್ಟು ವರ್ಷ ಆ ಮಾತು ಗ್ವಾಡಿ ಆಚೆನ ಸಂಸಾರ ಮಾಡಿಕೊಂಡಿತ್ತು. ನನಗ ತಿಳದಿದ್ದಿಲ್ಲ.

ಹಾಲವ್ವ ನಗೋದು ನಿಲ್ಲಿಸಿ ನನ್ನ ಕೆಂಪು ಸೀರಿ ನೋಡಿದಳು. “ನಿಮ್ಮ ಮನಿಯವರು ಹೋದಾಗ ನಿಮಗ ಎಷ್ಟು ವರ್ಷರಿ?”

“ಒಂಬತ್ತು.”

ಆಕಿ ಗ್ವಾಡಿ ಮ್ಯಾಲಿಂದ ಕೈ ಚಾಚಿ, ನನ್ನ ಬೋಳು ತಲಿಯಿಂದ ಜಾರಿದ್ದ ಸೆರಗು ಸರಿ ಮಾಡಿದಳು.

ಮುಟ್ಟಿದ್ದಕ್ಕ ಮಡಿ ಹೋತು. ಮತ್ತ ಸ್ನಾನ ಮಾಡಬೇಕಿತ್ತು. ಮಾಡಲಿಲ್ಲ. ಹಂಗೇ ಅಡಿಗಿ ಮಾಡಿ, ಹಂಗೇ ಅಪ್ಪಗ ಬಡಿಸಿದೆ.

“ಇವತ್ತು ಸಾರು ಛಲೋ ಆಗೇದ” ಅಂದರು.