ಒಂದು ಕುರ್ಚಿ ತೆಗೆದಿಡಿ

ಛತ್ರಪತಿ ಸಂಭಾಜಿನಗರ,
೧೨ ಜನವರಿ ೨೦೨೬

ಕುಸುಮಾವತಿ ಅಮ್ಮನವರಿಗೆ ಪ್ರಭಾಕರನ ನಮಸ್ಕಾರಗಳು.

ಬೆನ್ನುಹುರಿಗೆ ಪೆಟ್ಟಾದಾಗಿನಿಂದ, ಎಬ್ಬಿಸಿ ಕೂರಿಸಿದರೆ ರಕ್ತದೊತ್ತಡ ಕುಸಿದು ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ಈಗ ಬೆನ್ನಿನೊಳಗೆ ಅಳವಡಿಸಿರುವ ಪುಟ್ಟ ಸಾಧನವೊಂದು ಹುರಿಗೆ ಸಣ್ಣಗೆ ವಿದ್ಯುತ್ ಹರಿಸಿ ಒತ್ತಡವನ್ನು ಹಿಡಿದಿಡುತ್ತದೆ. ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಆದರೂ ನಿನ್ನೆ ಕುಳಿತೇ ಊಟ ಮಾಡಿ, ಅನುವಾದಿತ ಕಾದಂಬರಿಯೊಂದರ ಅಧ್ಯಾಯ ಓದಿದೆ.

ನಾಸಿಕದ ಆಸ್ಪತ್ರೆಯಲ್ಲಿ ಮಲಗಿದ್ದ ನನಗೆ, ನೋಡಲು ಬಂದಿದ್ದ ನೀವು ನಿಮ್ಮ ಹೋಟೆಲಿನ ರೂಢಿಯಲ್ಲಿ, "ಕೂತ್ಕೊಳ್ಳಿ ಮಾರಾಯ್ರೆ, ಇಡ್ಲಿ ಬಿಸಿ ಉಂಟು" ಎಂದು ಹೇಳಿ ನಾಲಿಗೆ ಕಚ್ಚಿಕೊಂಡಿರಿ. ಆಮೇಲೆ ಯಾರೂ ನನ್ನೆದುರು ಆ ಮಾತು ಆಡಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ ಮಾತು.

ಬರುವ ಭಾನುವಾರ ಹೆಂಡತಿ ಮೃದುಲಾಳೊಂದಿಗೆ ಸಾತಪುರದ ನಿಮ್ಮ ಹೋಟೆಲಿಗೆ ಬರುವುದೆಂದು ನಿರ್ಧರಿಸಿದ್ದೇನೆ. ಕಿಟಕಿಯ ಮೇಜಿನಿಂದ ಒಂದು ಕುರ್ಚಿ ತೆಗೆದಿಡಿ; ಗಾಲಿಕುರ್ಚಿ ನನ್ನ ಜೊತೆಗೇ ಬರುತ್ತದೆ. ಆದರೆ ಕೂತ್ಕೊಳ್ಳಿ ಎಂದು ನೀವೇ ಹೇಳಬೇಕು.

ನಿಮ್ಮ,
ಪ್ರಭಾಕರ